ಸ್ಪಾ ಮಂಚದ ಕೆಳಗಿನ ನೀರು

ತುಮಕೂರಿನಲ್ಲಿ ತಲೆ ಕೆರೆದುಕೊಳ್ಳದ ಹೆಂಗಸು ಯಾರಿದ್ದಾರೆ ಹೇಳಿ? ಬೋರ್‌ವೆಲ್ ನೀರು ತಲೆಗೆ ಹಾಕಿಕೊಂಡರೆ ಕೂದಲು ತೆಂಗಿನ ನಾರಾಗುತ್ತದೆ. ಸ್ಕೂಟಿ ಹತ್ತಿದರೆ ಮೇಲೆ ಹೆಲ್ಮೆಟ್ಟು, ಒಳಗೆ ಬೆವರು, ಸುತ್ತ ರಸ್ತೆಯ ಧೂಳು. ಹೊಟ್ಟು ಬಿಡುವುದಿಲ್ಲ, ತುರಿಕೆ ನಿಲ್ಲುವುದಿಲ್ಲ, ಬಾಚಿದರೆ ಬಾಚಣಿಗೆ ತುಂಬ ಕೂದಲು. ಹೀಗಿರುವಾಗ ಶೆಟ್ಟಿಹಳ್ಳಿಯ ಸರ್ವಮಂಗಳ ತನ್ನ ಬ್ಯೂಟಿ ಪಾರ್ಲರ್‌ಗೆ ಜಪಾನೀಸ್ ಹೆಡ್ ಸ್ಪಾ ತಂದಳು ಅಂದರೆ ಜನ ಸುಮ್ಮನಿರುತ್ತಾರಾ?

ಸರ್ವಮಂಗಳ ಇಪ್ಪತ್ತು ವರ್ಷದ ಹಿಂದೆ ಮನೆಯ ಮುಂದಿನ ರೂಮಿನಲ್ಲಿ ಒಂದು ಕನ್ನಡಿ, ಒಂದು ಕುರ್ಚಿ, ಒಂದು ದಾರದುಂಡೆ ಇಟ್ಟುಕೊಂಡು ಹುಬ್ಬು ತೀಡಲು ಶುರು ಮಾಡಿದವಳು. ಕೈ ಹಗುರ, ಮಾತು ಸಿಹಿ. ಮೇಲಾಗಿ ಅವಳಷ್ಟು ಅಚ್ಚುಕಟ್ಟು ಯಾರೂ ಇಲ್ಲ ಅನ್ನುವ ಹೆಸರು. ಬೆಳಗ್ಗೆ ಎದ್ದು ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿ, ಕನ್ನಡಿ ಉಜ್ಜಿ, ಊದುಬತ್ತಿ ಹಚ್ಚಿದ ಮೇಲೇ ಬಾಗಿಲು ತೆಗೆಯುವುದು. ಒಬ್ಬರಿಗೆ ಹಾಕಿದ ಟವಲ್ ಇನ್ನೊಬ್ಬರಿಗೆ ಹಾಕಿದ್ದೇ ಇಲ್ಲ. ಆ ಹೆಸರಿನ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ ಇತ್ತು.

ಹೊಸ ಯಂತ್ರವನ್ನು ಜನ ‘ಜಪಾನ್ ಮಂಚ’ ಅಂತಲೇ ಕರೆದರು. ಉದ್ದನೆಯ ಮೆತ್ತನೆ ಮಂಚ, ತಲೆ ಇಡುವ ಕಡೆ ಬಿಳಿ ಬೇಸಿನ್ನು, ಅದರ ಮೇಲೆ ಕಮಾನಿನ ಹಾಗೆ ಬಗ್ಗಿದ ಪೈಪು. ಪೈಪಿನ ತುಂಬ ಸಣ್ಣ ಸಣ್ಣ ತೂತು. ಮೊದಲು ಪೆನ್ನಿನಂಥ ಕ್ಯಾಮೆರಾ ಹಿಡಿದು ನೆತ್ತಿಯ ಚರ್ಮವನ್ನು ಟೀವಿಯಲ್ಲಿ ದೊಡ್ಡದಾಗಿ ತೋರಿಸುವುದು. ಆಮೇಲೆ ಶಾಂಪೂ ಹಾಕಿ ಬೆರಳಲ್ಲಿ ಒತ್ತಿ ಒತ್ತಿ ತಿಕ್ಕುವುದು. ಕೊನೆಗೆ ಸ್ವಿಚ್ ಹಾಕಿದರೆ ಬೆಚ್ಚಗಿನ ನೀರು ತೆಳ್ಳನೆ ಪರದೆಯ ಹಾಗೆ ಹಣೆಯಿಂದ ನೆತ್ತಿಗೆ ಇಳಿಯುತ್ತದೆ. ಮಲಗಿದವರು ಐದೇ ನಿಮಿಷಕ್ಕೆ ಗೊರಕೆ ಹೊಡೆಯುತ್ತಿದ್ದರು. ಗುಬ್ಬಿಯಿಂದ ಬಂದರು, ಕುಣಿಗಲ್‌ನಿಂದ ಬಂದರು. ಕುಣಿಗಲ್‌ನಲ್ಲಿ ಪಾರ್ಲರ್ ಇಟ್ಟಿದ್ದ ಸುಮನಾ, ಸರ್ವಮಂಗಳನ ಹಳೆಯ ಗೆಳತಿ, ಇವಳಿಗೆ ಮಾರಿದ ವ್ಯಾಪಾರಿಯ ಹತ್ತಿರವೇ ಅಂಥದ್ದೇ ಇನ್ನೊಂದು ಮಂಚ ತರಿಸಿಕೊಂಡಳು.

ಒಂದು ಶುಕ್ರವಾರ ಪಕ್ಕದ ಬೀದಿಯ ಆಸ್ಮಾ ಬಂದಳು. ಆಸ್ಮಾಗೆ ಕೆಲಸ ಆಸ್ಪತ್ರೆಯಲ್ಲಿ. ಆಪರೇಷನ್‌ಗೆ ಬಳಸಿದ ಕತ್ತರಿ, ಚಿಮಟ, ಪೈಪುಗಳನ್ನೆಲ್ಲ ತೊಳೆದು, ಹಬೆಯಲ್ಲಿ ಬೇಯಿಸಿ, ಪ್ಯಾಕ್ ಮಾಡುವ ವಿಭಾಗ. ದಿನವಿಡೀ ನಿಂತು ನಿಂತು ತಲೆ ಸಿಡಿಯುತ್ತಿದೆ ಅಂತ ಮಂಚದ ಮೇಲೆ ಮಲಗಿದಳು. ನೀರು ಬಿಟ್ಟಾಗ ಎಲ್ಲರ ಹಾಗೆ ಕಣ್ಣು ಮುಚ್ಚಲಿಲ್ಲ. ಕಿವಿಗೊಟ್ಟು ಏನೋ ಕೇಳಿಸಿಕೊಳ್ಳುತ್ತಿದ್ದಳು.

“ಮಂಗಳಕ್ಕ, ಒಂದ್ ಮಾತು ಕೇಳ್ಲಾ? ಬೇಜಾರ್ ಮಾಡ್ಕೋಬಾರ್ದು.”

“ಕೇಳೇ.”

“ನನ್ ತಲೆ ಮೇಲಿಂದ ಇಳಿದ ನೀರು ಎಲ್ಲಿಗ್ ಹೋಗ್ತಿದೆ? ಮೋರಿಗೆ ಹೋಗೋ ಸದ್ದೇ ಇಲ್ವಲ್ಲ.”

“ಕೆಳಗೆ ಟ್ಯಾಂಕಿದೆ ಕಣೇ. ಅಲ್ಲಿಗ್ ಹೋಗಿ, ಬೆಚ್ಚಗಾಗಿ, ಮತ್ತೆ ಮೇಲಕ್ ಬರತ್ತೆ. ಒಂದ್ ಬಿಂದಿಗೆ ನೀರಲ್ಲಿ ಒಂದ್ ಗಂಟೆ ಸ್ಪಾ! ಜಪಾನ್ ತಲೆ ಅಂದ್ರೆ ಸುಮ್ನೇನಾ?”

ಆಸ್ಮಾ ಒದ್ದೆ ತಲೆಯಲ್ಲೇ ಎದ್ದು ಕೂತಳು. “ಅಂದ್ರೆ ನನ್ ತಲೆ ಎಣ್ಣೆ, ಹೊಟ್ಟು, ಶಾಂಪೂ ಎಲ್ಲ ಸೇರ್ಕೊಂಡ ನೀರೇ ಸುತ್ತಿ ಸುತ್ತಿ ನನ್ ಹಣೆ ಮೇಲ್ ಬೀಳ್ತಿದೆ. ನನ್ಗಿಂತ ಮುಂಚೆ ಮಲಗಿದ್ರಲ್ಲ, ಅವ್ರ ನೀರು?”

“ಅದನ್ನ ಚೆಲ್ಲಿ ಹೊಸದು ತುಂಬಿದೀನಿ. ಅಷ್ಟೂ ಗೊತ್ತಾಗಲ್ವಾ ನಂಗೆ?”

“ಟ್ಯಾಂಕ್ ಉಜ್ಜಿದ್ರಾ? ಪೈಪೊಳಗೆ?”

“ಪೈಪೊಳಗೆ ಕೈ ಹೋಗತ್ತೇನೇ? ದಿನಾ ಬಿಸಿನೀರ್ ಓಡಾಡೋ ಪೈಪು. ಅದಕ್ಕಿಂತ ಮಡಿ ಇನ್ನೇನ್ ಬೇಕು?”

“ಬಿಸಿನೀರಲ್ಲಕ್ಕ, ಬೆಚ್ಚಗಿನ ನೀರು. ಕುದಿಯೋ ನೀರಲ್ಲಿ ರೋಗಾಣು ಸಾಯ್ತವೆ. ಬೆಚ್ಚಗಿನ ನೀರಲ್ಲಿ ಮರಿ ಹಾಕ್ತವೆ. ನಮ್ಮಲ್ಲಿ ಡಾಕ್ಟ್ರು ಮೊದ್ಲು ಕೇಳೋದೇ ಪೈಪಿನ ಒಳಗಡೆ ಹೆಂಗಿದೆ ಅಂತ.”

ಸರ್ವಮಂಗಳನ ಮುಖ ಬಿಗಿಯಿತು. ಇಪ್ಪತ್ತು ವರ್ಷದಲ್ಲಿ ಅವಳ ಅಂಗಡಿಯ ಶುಚಿಯ ಬಗ್ಗೆ ಯಾರೂ ಬೆರಳು ತೋರಿಸಿರಲಿಲ್ಲ. “ಇದು ಆಸ್ಪತ್ರೆ ಅಲ್ಲಮ್ಮ, ಪಾರ್ಲರ್ರು. ನೆಲ ನೋಡು, ಮುಖ ಕಾಣತ್ತೆ. ಮಲಕ್ಕೋ, ತಲೆ ಒರೆಸ್ತೀನಿ” ಅಂದಳು. ಆಸ್ಮಾ ತಲೆ ಒರೆಸಿಸಿಕೊಂಡು ಎದ್ದಳು. ಹೋಗುವಾಗ ಮಾತ್ರ, “ಒಂದ್ಸಲ ಬಿಚ್ಚಿ ನೋಡಿ ಅಕ್ಕ, ನನಗೋಸ್ಕರ” ಅಂದಳು. ಸರ್ವಮಂಗಳ ನೋಡಲಿಲ್ಲ.

ಮುಂದಿನ ವಾರ ತಂಗಿಯ ಮನೆಯ ಗೃಹಪ್ರವೇಶಕ್ಕೆ ಅಂತ ಮಂಗಳವಾರ, ಬುಧವಾರ ಪಾರ್ಲರ್ ಮುಚ್ಚಿದ್ದಳು. ಗುರುವಾರ ಬಾಗಿಲು ತೆಗೆದದ್ದೇ ತಡ, ಕಾಯುತ್ತಿದ್ದವರೆಲ್ಲ ಬಂದರು. ಮೊದಲು ಮಲಗಿದವಳು ನಿಟ್ಟೂರಿನ ರೂಪಶ್ರೀ. ಇಪ್ಪತ್ತೆರಡು ದಿನಕ್ಕೆ ಅವಳ ಮದುವೆ. ತಾಯಿ ಗಂಗಲಕ್ಷ್ಮಮ್ಮನವರೇ ರೈಲಿನಲ್ಲಿ ಕರೆದುಕೊಂಡು ಬಂದಿದ್ದರು. “ಚೆನ್ನಾಗ್ ಮಾಡವ್ವ, ಮೊಗ್ಗಿನ ಜಡೆ ಹಾಕೋ ತಲೆ ಇದು” ಅಂತ ಅವರು ನಗುತ್ತಾ ಹೇಳಿದ್ದರು.

ಭಾನುವಾರ ಬೆಳಗ್ಗೆ ತಾಯಿ ಮಗಳು ಮತ್ತೆ ಬಾಗಿಲಲ್ಲಿ ನಿಂತಿದ್ದರು. ರೂಪಶ್ರೀ ತಲೆಗೆ ದುಪ್ಪಟ್ಟಾ ಸುತ್ತಿಕೊಂಡಿದ್ದಳು. ತೆಗೆದರೆ ನೆತ್ತಿಯಿಂದ ಕುತ್ತಿಗೆಯವರೆಗೆ ಕೆಂಪು ಗುಳ್ಳೆ. ಎಷ್ಟೋ ಗುಳ್ಳೆಗಳ ತುದಿಯಲ್ಲಿ ಕೀವು. ಅದರ ಮೇಲೆ ಹಸಿರು ಹಳದಿ ಲೇಪ ಒಣಗಿ ಕೂತಿತ್ತು.

“ಏನ್ ಮಾಡಿ ಕಳಿಸ್ದೆ ನನ್ ಮಗೀಗೆ?” ಗಂಗಲಕ್ಷ್ಮಮ್ಮ ಬಾಗಿಲಲ್ಲೇ ದಬಾಯಿಸಿದರು. “ಯಾರ್ ಕಣ್ಣು ಬಿತ್ತೋ ಅಂತ ಮೆಣಸಿನಕಾಯಿ ನಿವಾಳಿಸ್ದೆ. ಬೇವು ಅರಿಶ್ಣ ಅರೆದು ಮೆತ್ತಿದೆ. ಇನ್ನೂ ಜಾಸ್ತಿ ಆಯ್ತು. ರಾತ್ರಿಯೆಲ್ಲ ಉರಿ ಉರಿ ಅಂತ ಕೂತವಳೆ.”

“ಅಮ್ಮಾ, ಸೆಕೆಗುಳ್ಳೆ ಇರ್ಬೇಕು. ಇಲ್ಲ ಶಾಂಪೂ ಒಗ್ಗಿಲ್ಲ. ನಮ್ಮಲ್ಲಿ ಅಂಥದ್ದೆಲ್ಲ ಆಗಲ್ಲ” ಅಂದಳು ಸರ್ವಮಂಗಳ. ಹೇಳುವಾಗಲೇ ತನ್ನ ದನಿ ತನಗೇ ಟೊಳ್ಳು ಅನ್ನಿಸಿತು.

“ಸೆಕೆಯಂತೆ! ಇಪ್ಪತ್ಮೂರು ವರ್ಷ ಇಲ್ದಿದ್ ಸೆಕೆ ನಿನ್ ಮಂಚದ್ ಮೇಲ್ ಮಲಗಿದ್ ಮೇಲೆ ಬಂತಾ? ಬುಡು, ಬುಡು.”

ರೂಪಶ್ರೀ ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಮೆಲ್ಲಗೆ, “ಆಂಟಿ, ಮುಂದಿನ ಭಾನುವಾರ ಅವ್ರ ಮನೇವ್ರು ಸೀರೆ ಕೊಡೋಕೆ ಬರ್ತಾರೆ. ಈ ತಲೆ ಹೆಂಗ್ ತೋರಿಸ್ಲಿ?” ಅಂದಳು. ಅಷ್ಟು ಹೇಳಿ ದುಪ್ಪಟ್ಟಾ ಸುತ್ತಿಕೊಂಡು ಮೆಟ್ಟಿಲು ಇಳಿದಳು.

ಆ ಮಾತು ಸರ್ವಮಂಗಳನ ಎದೆಗೆ ಮುಳ್ಳಿನ ಹಾಗೆ ನಾಟಿತು. ಮಧ್ಯಾಹ್ನದ ಹೊತ್ತಿಗೆ ಫೋನ್ ಬಂತು. ಗುಬ್ಬಿಯ ಟೀಚರ್ ಒಬ್ಬರು, ತಲೆ ತುಂಬ ಗುಳ್ಳೆ ಅಂದರು. ಸಂಜೆ ಇನ್ನೊಂದು. ಹಿರೇಹಳ್ಳಿ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಹುಡುಗಿ, ಅವಳಿಗೂ ಅದೇ. ಸರ್ವಮಂಗಳ ಅಪಾಯಿಂಟ್‌ಮೆಂಟ್ ಪುಸ್ತಕ ತೆಗೆದು ನೋಡಿದಳು. ಮೂವರೂ ಗುರುವಾರ ಬಂದವರು. ಎರಡು ದಿನ ಮುಚ್ಚಿದ್ದ ಅಂಗಡಿ ತೆಗೆದ ದಿನ. ಆಸ್ಮಾಗೆ ಫೋನ್ ಮಾಡಿ, “ಬಿಚ್ಚೋಣ ಬಾರೇ” ಅಂದಳು.

ಮರುದಿನ ಬೆಳಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಆಸ್ಮಾ ಸ್ಕ್ರೂಡ್ರೈವರ್, ಟಾರ್ಚು, ಕೈಗೆ ಗ್ಲೌಸು ತಂದಳು. ಮಂಚದ ಪಕ್ಕದ ಹಲಗೆ ಬಿಚ್ಚಿದರೆ ಒಳಗೆ ಪ್ಲಾಸ್ಟಿಕ್ ಟ್ಯಾಂಕು. ಮುಚ್ಚಳ ಎತ್ತಿದ ಕೂಡಲೇ ಮೂರು ದಿನ ನೆನೆಸಿ ಮರೆತ ಬಟ್ಟೆಯ ವಾಸನೆ ಬಂತು. ಜಾಲರಿಯ ತುಂಬ ಕೂದಲು, ಉಂಡೆ ಉಂಡೆ ಜಿಡ್ಡು. ಟ್ಯಾಂಕಿನ ಮೂಲೆಯಲ್ಲಿ ಕಂದು ಬಣ್ಣದ ಪದರ. ಕಮಾನಿಗೆ ಹೋಗುವ ಬಿಳಿ ಪೈಪನ್ನು ಒಂದು ಗೇಣು ಕತ್ತರಿಸಿ ಆಸ್ಮಾ ಉದ್ದಕ್ಕೆ ಸೀಳಿದಳು. ಹೊರಗೆ ಹಾಲಿನ ಹಾಗೆ ಬೆಳ್ಳಗಿದ್ದ ಪೈಪು ಒಳಗೆ ಲೋಳೆ ಲೋಳೆ. ಸರ್ವಮಂಗಳ ಬೆರಳಿಟ್ಟಳು. ಬೆಂಡೆಕಾಯಿ ಹೆಚ್ಚಿದ ಚಾಕುವಿನ ಹಾಗೆ ಜಾರಿತು.

“ಇದೇ ಅಕ್ಕ” ಅಂದಳು ಆಸ್ಮಾ. “ರೋಗಾಣುಗಳು ಲೋಳೆ ಕಟ್ಕೊಂಡು ಒಳಗೆ ಮನೆ ಮಾಡ್ಕೊಂಡಿದಾವೆ. ಬರೀ ನೀರು ಬಿಟ್ರೆ ಹೋಗಲ್ಲ ಇದು. ಎರಡು ದಿನ ಪೈಪಲ್ಲಿ ನೀರು ನಿಂತಿತ್ತಲ್ಲ, ಚೆನ್ನಾಗ್ ಬೆಳೆದಿದಾವೆ. ಗುರುವಾರ ಬೆಚ್ಚಗೆ ಮಾಡಿ ನೀವೇ ಅವ್ರ ತಲೆ ಮೇಲೆ ಸುರಿದ್ರಿ.”

ಸರ್ವಮಂಗಳ ಸೀಳಿದ ಪೈಪನ್ನು ಕೈಗೆತ್ತಿಕೊಂಡಳು. “ಇಷ್ಟ್ ದಿನ ನೆಲ ಒರೆಸ್ದೆ, ಕನ್ನಡಿ ಒರೆಸ್ದೆ. ಜನದ ನೆತ್ತಿ ಮುಟ್ಟೋ ನೀರು ಮಾತ್ರ ನೋಡ್ಲಿಲ್ಲ. ನೀನು ಹೇಳ್ದಾಗ್ಲೂ ಕೇಳ್ಲಿಲ್ಲ ಕಣೇ.”

“ಈಗ ಕೇಳಿದೀರಲ್ಲ, ಮುಂದಿನದು ನೋಡಿ” ಅಂದಳು ಆಸ್ಮಾ.

ಆಸ್ಮಾ ಹೋದ ಮೇಲೆ ಸುಮನಾ ಫೋನ್ ಮಾಡಿದಳು. ವಿಷಯ ಕೇಳಿ ಗಾಬರಿಯಾದಳು. “ಅಯ್ಯೋ ಅಕ್ಕ, ಬಾಯ್ ಬಿಟ್ಟುಗಿಟ್ಟೀರ! ಶಾಂಪೂ ಅಲರ್ಜಿ ಅಂತ ಹೇಳಿ ಮುಗಿಸಿ. ಇಪ್ಪತ್ ವರ್ಷದ ಹೆಸರು ಒಂದೇ ದಿನಕ್ಕೆ ಮೋರಿ ಪಾಲಾಗತ್ತೆ. ನಿಮ್ ಜತೆ ನಾನೂ ಮುಳುಗ್ತೀನಿ.”

“ನಿನ್ನದು ಬಿಚ್ಚಿ ನೋಡಿದ್ಯಾ ಸುಮನಾ?”

ಗಿರಾಕಿ ಬಂದರು ಅಂತ ಸುಮನಾ ಮಾತು ತಪ್ಪಿಸಿದಳು. ಸರ್ವಮಂಗಳ ಫೋನ್ ಇಟ್ಟಳು. ಒಂದು ರಟ್ಟು ತೆಗೆದುಕೊಂಡು ದಪ್ಪ ಅಕ್ಷರದಲ್ಲಿ ಬರೆದಳು: ‘ನಮ್ಮ ಸ್ಪಾ ಯಂತ್ರದ ಒಳಗೆ ಕೊಳೆ ಸಿಕ್ಕಿದೆ. ಸರಿ ಮಾಡುವವರೆಗೆ ಸ್ಪಾ ಇಲ್ಲ. ಇಲ್ಲಿ ಸ್ಪಾ ಮಾಡಿಸಿಕೊಂಡು ತೊಂದರೆ ಆದವರು ದಯವಿಟ್ಟು ಹೇಳಿ.’ ಅದನ್ನು ಬಾಗಿಲಿಗೆ ಅಂಟಿಸಿ, ಸೀಳಿದ ಪೈಪನ್ನು ಕವರಿನಲ್ಲಿ ಸುತ್ತಿಕೊಂಡು, ನಿಟ್ಟೂರಿಗೆ ಹೋಗುವ ರೈಲು ಹತ್ತಿದಳು.

ಗಂಗಲಕ್ಷ್ಮಮ್ಮನ ಮನೆ ಜಗಲಿಯಲ್ಲಿ ಏಳೆಂಟು ಹೆಂಗಸರು ಕೂತು ಮದುವೆಗೆ ಅಕ್ಕಿ ಆರಿಸುತ್ತಿದ್ದರು. ಸರ್ವಮಂಗಳನನ್ನು ಕಂಡು ಎಲ್ಲರ ಕೈ ನಿಂತಿತು. ಒಳಗೆ ಹೋಗಿ ಗುಟ್ಟಾಗಿ ಹೇಳಬಹುದಿತ್ತು. ಅವಳು ನಿಂತಲ್ಲೇ ಹೇಳಿದಳು.

“ಅಮ್ಮಾ, ನಿನ್ನೆ ನಾನು ಸುಳ್ಳು ಹೇಳ್ದೆ. ಸೆಕೆನೂ ಅಲ್ಲ, ಶಾಂಪೂನೂ ಅಲ್ಲ, ಯಾರ ಕಣ್ಣೂ ಅಲ್ಲ. ನನ್ ಯಂತ್ರದ ಪೈಪೊಳಗೆ ಕೊಳೆ ಇತ್ತು. ಇಲ್ನೋಡಿ.” ಪೈಪು ಬಿಚ್ಚಿ ತೋರಿಸಿದಳು.

ಹೆಂಗಸರು ಮೂಗು ಮುಚ್ಚಿಕೊಂಡರು. ಗಂಗಲಕ್ಷ್ಮಮ್ಮ ಪೈಪನ್ನೂ ನೋಡಿದರು, ಅವಳ ಮುಖವನ್ನೂ ನೋಡಿದರು. “ಮೇಲೆಲ್ಲ ಬಸಪ್ಪ, ಒಳಗೆಲ್ಲ ವಿಷಪ್ಪ ಅಂದಂಗಾಯ್ತು ನಿನ್ ಮಂಚ” ಅಂದರು. “ನನ್ ಮಗೀ ಮದುವೆ ತಪ್ಪಿದ್ರೆ ಏನವ್ವ ಮಾಡೀಯ? ತಲೇಲಿ ರೋಗ ಅದೆ ಅಂದ್ರೆ ಬೀಗರು ಸುಮ್ನಿರ್ತಾರಾ?”

“ಬಯ್ಯಿರಿ ಅಮ್ಮಾ, ಎಷ್ಟಾದ್ರೂ ಬಯ್ಯಿರಿ. ಆದ್ರೆ ಮೊದ್ಲು ಮಗೂನ ಕಳ್ಸಿ. ಚರ್ಮದ ಡಾಕ್ಟ್ರತ್ರ ಹೋಗೋಣ, ಈಗ್ಲೇ. ಆ ಲೇಪ ತೊಳೆದುಬಿಡಿ. ಕೀವಿನ ಗುಳ್ಳೆ ಮೇಲೆ ಏನೂ ಮೆತ್ತಬಾರ್ದಂತೆ.”

ಒಳಗಿನಿಂದ ರೂಪಶ್ರೀಯೇ ಬಂದಳು. ಚಪ್ಪಲಿ ಹಾಕಿಕೊಂಡು, “ನಡೀರಿ ಆಂಟಿ” ಅಂದಳು. ಗಂಗಲಕ್ಷ್ಮಮ್ಮ ಮೊರವನ್ನು ಪಕ್ಕಕ್ಕೆ ಸರಿಸಿ ಸೆರಗು ಸಿಕ್ಕಿಸಿಕೊಂಡು ಅವರ ಹಿಂದೆಯೇ ಹೊರಟರು.

ತುಮಕೂರಿನ ಚರ್ಮದ ಡಾಕ್ಟರಮ್ಮ ಭೂತಗನ್ನಡಿ ಹಿಡಿದು ನೋಡಿದರು. ಯಾವಾಗ ಶುರುವಾಯಿತು, ಎಲ್ಲಿ ಹೋಗಿದ್ದಿರಿ, ಎಲ್ಲ ಕೇಳಿದರು. “ಇದು ಕೂದಲಿನ ಬುಡಕ್ಕೆ ಆಗೋ ಸೋಂಕು” ಅಂದರು. “ಬೆಚ್ಚಗಿನ ಕೊಳೆ ನೀರಿಂದ ಬರತ್ತೆ. ದೃಷ್ಟಿ ಅಲ್ಲ, ಜೀವಕ್ಕೆ ಅಪಾಯನೂ ಇಲ್ಲ. ಕೆರೀಬೇಡ, ಒಡೀಬೇಡ. ಎಣ್ಣೆ, ಅರಿಶಿಣ ಏನೂ ಬೇಡ. ನಾನು ಬರೆದುಕೊಟ್ಟದ್ದು ಮಾತ್ರ. ನಿನ್ನ ಬಾಚಣಿಗೆ, ಟವಲ್ಲು, ದಿಂಬಿನ ಕವರು ಬೇರೆ ಇಟ್ಕೋ.”

“ಮದ್ವೆ ಹೊತ್ಗೆ?” ಗಂಗಲಕ್ಷ್ಮಮ್ಮ ಕೈ ಮುಗಿದುಕೊಂಡೇ ಕೇಳಿದರು.

“ಬೇಗ ಕರ್ಕೊಂಡ್ ಬಂದಿದೀರ. ಹೇಳಿದ್ದು ಕೇಳಿದ್ರೆ ಅಷ್ಟರಲ್ಲಿ ವಾಸಿಯಾಗತ್ತೆ. ಮನೇಲೇ ಮದ್ದು ಮಾಡ್ತಾ ಕೂತಿದ್ರೆ ಹುಣ್ಣಾಗಿ ಅಲ್ಲಿ ಕೂದಲೇ ಹೋಗ್ತಿತ್ತೇನೋ.” ಆಮೇಲೆ ಸರ್ವಮಂಗಳನ ಕಡೆ ತಿರುಗಿ, “ಉಳಿದವರಿಗೆಲ್ಲ ಹೇಳಿದ್ರಾ?” ಅಂದರು.

ಅದೇ ಸಂಜೆ ಸರ್ವಮಂಗಳ ಪುಸ್ತಕ ಮುಂದಿಟ್ಟುಕೊಂಡು ಕೂತಳು. ಮಂಚ ಬಂದ ದಿನದಿಂದ ಮಲಗಿದವರಿಗೆಲ್ಲ ಒಬ್ಬೊಬ್ಬರಿಗೇ ಫೋನು. ನಡೆದದ್ದು ನಡೆದ ಹಾಗೆ ಹೇಳಿದಳು, ಗುಳ್ಳೆ ತುರಿಕೆ ಇದ್ದರೆ ಡಾಕ್ಟರಿಗೆ ತೋರಿಸಿ ಅಂದಳು. ಒಬ್ಬರು ಬಾಯಿಗೆ ಬಂದ ಹಾಗೆ ಬೈದರು. ಒಬ್ಬರು ಪೂರ್ತಿ ಕೇಳದೆ ಫೋನ್ ಕಟ್ ಮಾಡಿದರು. ಹತ್ತು ಫೋನ್ ಆದರೂ ನಿಲ್ಲಿಸಲಿಲ್ಲ. ಗುಬ್ಬಿಯ ಟೀಚರು ಮಾತ್ರ ಪೂರ್ತಿ ಕೇಳಿಸಿಕೊಂಡು, “ನೋಡಿ ಮಂಗಳಮ್ಮ, ಇಷ್ಟ್ ವರ್ಷದಿಂದ ಪಾಠ ಮಾಡ್ತಿದೀನಿ. ಯಾರೂ ಕೇಳದೇನೇ ತಪ್ಪು ನಂದು ಅಂತ ಎದ್ದು ನಿಂತವ್ರನ್ನ ಇವತ್ತೇ ನೋಡಿದ್ದು. ಸರಿ ಮಾಡಿ. ನಾನು ಬರ್ತೀನಿ” ಅಂದರು. ಸರ್ವಮಂಗಳ ಕಣ್ಣು ಒರೆಸಿಕೊಂಡು ಮುಂದಿನ ನಂಬರ್ ಒತ್ತಿದಳು.

ಇನ್ನು ಮಂಚದ ಗತಿ? ಅದನ್ನು ಮಾರಿದ ವ್ಯಾಪಾರಿ ಕಿರಣ್‌ಕುಮಾರ್‌ಗೆ ಫೋನ್ ಮಾಡಿ ಹೇಳಿದರೆ, “ಅದು ಹಂಗೇ ಬರೋದು ಮೇಡಂ, ನೀವೇ ನೀಟಾಗಿ ಇಟ್ಕೋಬೇಕು” ಅಂದ. ಆಸ್ಮಾ ತನ್ನ ಸೋದರಮಾವ ಏಜಾಜ್ ಅಹಮದ್ ಅವರನ್ನು ಕರೆತಂದಳು. ಹಿರೇಹಳ್ಳಿಯಲ್ಲಿ ಅವರದೊಂದು ವರ್ಕ್‌ಶಾಪು. ಫ್ಯಾಕ್ಟರಿಗಳ ಪಂಪು, ವಾಲ್ವು ರಿಪೇರಿ ಮಾಡಿ ಮಾಡಿ ಪಳಗಿದ ಕೈ. ಅವರು ಪೈಪು ನೋಡುವ ಮುಂಚೆ ಟೆಸ್ಟರ್ ತೆಗೆದು ಮಂಚದ ಕಬ್ಬಿಣದ ಕಾಲಿಗೆ ಮುಟ್ಟಿಸಿದರು. ಟೆಸ್ಟರಿನ ದೀಪ ಮಿಣುಕಿತು, ಮಂಚದ ಕಾಲಿನಲ್ಲೇ ಕರೆಂಟು ಹರಿಯುತ್ತಿತ್ತು.

“ಯಾ ಅಲ್ಲಾ!” ಅಂದರು. “ಅಮ್ಮಾ, ನೀರು ಕಾಯಿಸೋ ಕಾಯಿಲ್ಲು ಟ್ಯಾಂಕಲ್ಲೇ ಮುಳುಗಿದೆ, ವೈರಿಗೆ ಅರ್ಥಿಂಗೇ ಇಲ್ಲ. ನೀರು, ಕರೆಂಟು, ಒದ್ದೆ ತಲೆ, ಮೂರೂ ಒಂದೇ ಮಂಚದ ಮೇಲೆ. ಗುಳ್ಳೆಗೇ ಮುಗೀತಲ್ಲ, ಅದೃಷ್ಟ ಅನ್ನಿ.”

ಇಷ್ಟು ದಿನ ಎಷ್ಟು ಜನ ತಾಯಂದಿರ ಮಕ್ಕಳನ್ನು ಅದರ ಮೇಲೆ ಮಲಗಿಸಿದ್ದೆ ಅಂತ ನೆನೆದು ಸರ್ವಮಂಗಳ ಓಡಿಹೋಗಿ ಮೇನ್ ಸ್ವಿಚ್ ಆರಿಸಿದಳು.

ಏಜಾಜ್ ಅಹಮದ್ ನಾಲ್ಕು ದಿನ ಕೆಲಸ ಮಾಡಿದರು. ಟ್ಯಾಂಕು, ಪಂಪು ಎರಡನ್ನೂ ಕಿತ್ತು ಹೊರಗಿಟ್ಟರು. ಗೋಡೆಯ ಗೀಸರ್‌ನಿಂದ ಹೊಸ ನೀರು ನೇರ ಕಮಾನಿಗೆ ಬರುವ ಹಾಗೆ, ತಲೆಯಿಂದ ಇಳಿದದ್ದು ನೇರ ಮೋರಿಗೆ ಹೋಗುವ ಹಾಗೆ ಮಾಡಿದರು. ಬಿಳಿ ಪೈಪಿನ ಬದಲು ಒಳಗೆಲ್ಲ ಕಾಣುವ ಗಾಜಿನಂಥ ಪೈಪು ಹಾಕಿದರು. ಕಮಾನನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ ಬ್ರಷ್ ಆಡಿಸಬಹುದು. ಬಿಸಿ ಹೆಚ್ಚಾದರೆ ತಾನೇ ತಡೆಯುವ ವಾಲ್ವು ಕೂರಿಸಿದರು, ಮಗುವಿಗೆ ಎರೆಯುವ ನೀರಿಗಿಂತ ಒಂದು ಚೂರೂ ಬಿಸಿ ಏರದು. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಎಳೆಸಿ, ಕರೆಂಟು ಸೋರಿದರೆ ತಟಕ್ಕನೆ ಆಫ್ ಆಗುವ ಸ್ವಿಚ್ಚು ಹಾಕಿಸಿದರು. ನೀರು ಜಾಸ್ತಿ ಹೋಗುತ್ತಲ್ಲ ಅಂತ ಸರ್ವಮಂಗಳ ಕೇಳಿದ್ದಕ್ಕೆ, “ನೀರು ಉಳಿಸ್ಬೇಕು ಅಂದ್ರೆ ಕಡಿಮೆ ಹೊತ್ತು ಬಿಡಿ. ಒಬ್ರ ತಲೆ ನೀರನ್ನ ಮತ್ತೆ ಮತ್ತೆ ಎರೀಬೇಡಿ” ಅಂದರು.

ಶುಚಿಯ ಪಾಠ ಆಸ್ಮಾ ಹೇಳಿಕೊಟ್ಟಳು. ಒಬ್ಬರು ಎದ್ದ ಮೇಲೆ ಬೇಸಿನ್ನು, ಕುತ್ತಿಗೆಯ ದಿಂಬು ಸೋಪಿನಲ್ಲಿ ತೊಳೆದು, ಆಮೇಲೆ ರೋಗಾಣು ಕೊಲ್ಲುವ ದ್ರಾವಣದಲ್ಲಿ ಒರೆಸಬೇಕು. ಬಾಟಲಿಯ ಮೇಲೆ ಎಷ್ಟು ನಿಮಿಷ ಅಂತ ಬರೆದಿದೆಯೋ ಅಷ್ಟು ನಿಮಿಷ ಬಿಡಬೇಕು, ಅವಸರ ಕೂಡದು. ಬಾಚಣಿಗೆಯ ಕೂದಲು ತೆಗೆಯದೆ ದ್ರಾವಣದಲ್ಲಿ ಅದ್ದಿದರೆ ಅದ್ದಿದ್ದೂ ದಂಡ. ನೆತ್ತಿ ಮುಟ್ಟುವ ಕ್ಯಾಮೆರಾ ತುದಿ ಪ್ರತಿಯೊಬ್ಬರಿಗೂ ಒರೆಸಲೇಬೇಕು. ಸಂಜೆ ಮನೆಗೆ ಹೋಗುವ ಮುಂಚೆ ಕಮಾನು ಬಿಚ್ಚಿ, ಪೈಪಿನ ನೀರೆಲ್ಲ ಬಸಿದು ಒಣಗಿಸಬೇಕು. ಬೋರ್ ನೀರಿನ ಬಿಳಿ ಉಪ್ಪು ತೂತಿಗೆ ಕಟ್ಟದ ಹಾಗೆ ಆಗಾಗ ಉಜ್ಜಬೇಕು, ಆ ಉಪ್ಪಿನ ಸಂದಿಯೇ ಲೋಳೆಗೆ ನೆಲೆ. “ಇನ್ನೊಂದು” ಅಂದಳು ಆಸ್ಮಾ, “ಬಂದವ್ರ ತಲೇಲಿ ಗಾಯ, ಗುಳ್ಳೆ, ಹುಳುಕಡ್ಡಿ ಇದ್ರೆ ಸ್ಪಾ ಮಾಡ್ಬೇಡಿ. ಡಾಕ್ಟ್ರತ್ರ ಕಳ್ಸಿ.” ಮೊದಲ ಸಲ ಸರ್ವಮಂಗಳ ಎದುರು ಮಾತಾಡದೆ ಎಲ್ಲ ಬರೆದುಕೊಂಡಳು.

ರೂಪಶ್ರೀಯ ಗುಳ್ಳೆ ದಿನದಿಂದ ದಿನಕ್ಕೆ ಬಾಡಿದವು. ಸೀರೆ ಕೊಡಲು ಬೀಗರು ಬಂದ ದಿನ ಅವಳೇ ಅತ್ತೆಯಾಗುವವರಿಗೆ ಇದ್ದದ್ದು ಇದ್ದ ಹಾಗೆ ಹೇಳಿ ಡಾಕ್ಟರ ಚೀಟಿ ತೋರಿಸಿದಳಂತೆ. “ವಾಸಿಯಾಗೋ ಕಾಯ್ಲೆಗೆ ಯಾಕಮ್ಮ ಮುಚ್ಚುಮರೆ” ಅಂದು ಅವರು ಅವಳ ತಲೆ ನೇವರಿಸಲು ಹೋಗಿ, ಗುಳ್ಳೆ ನೆನಪಾಗಿ ಕೆನ್ನೆ ನೇವರಿಸಿದರಂತೆ. ಇದನ್ನು ಫೋನಿನಲ್ಲಿ ಹೇಳುತ್ತ ಗಂಗಲಕ್ಷ್ಮಮ್ಮ ನಕ್ಕರು. ಆ ನಗು ಕೇಳಿ ಸರ್ವಮಂಗಳಗೆ ಎಷ್ಟೋ ದಿನದ ಮೇಲೆ ಊಟ ರುಚಿಸಿತು.

ಮದುವೆಗೆ ಮೂರು ದಿನ ಇರುವಾಗ ಗಂಗಲಕ್ಷ್ಮಮ್ಮ ಹೇಳದೆ ಕೇಳದೆ ಪಾರ್ಲರ್‌ಗೆ ಬಂದರು. ಸೀದಾ ಮಂಚದ ಹತ್ತಿರ ಹೋಗಿ, “ಬಿಚ್ಚು” ಅಂದರು. ಸರ್ವಮಂಗಳ ಕಮಾನು ಬಿಚ್ಚಿಕೊಟ್ಟಳು. ಅವರು ಅದನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಬೆರಳು ಹಾಕಿ ತಿರುಗಿಸಿದರು. ಮೂಸಿ ನೋಡಿದರು. ಬಾಚಣಿಗೆಗಳನ್ನು ಎಣಿಸಿದರು. ಕೊನೆಗೆ, “ನಮ್ಮನೆ ಹಾಲಿನ ಚೊಂಬೂ ಇಷ್ಟು ಚೊಕ್ಕ ಇಲ್ಲ ಕಣವ್ವ” ಅಂದರು. “ನನ್ ಮಗೀ ಮೊಗ್ಗಿನ ಜಡೆ ನೀನೇ ಹಾಕ್ಬೇಕು. ಬೇರೆ ಯಾರೂ ಬೇಡ.”

ಗುಬ್ಬಿಯ ಛತ್ರದಲ್ಲಿ ಮದುವೆ. ರೂಪಶ್ರೀಯ ನೆತ್ತಿ ತಿಳಿಯಾಗಿತ್ತು, ಒಂದು ಕಲೆ ಇಲ್ಲ. ಸರ್ವಮಂಗಳ ಮಲ್ಲಿಗೆ ಮೊಗ್ಗು ಸಾಲು ಸಾಲಾಗಿ ಕೂರಿಸಿ ಮೊಣಕಾಲುದ್ದ ಜಡೆ ಹೆಣೆದಳು. ಹೆಣ್ಣಿನ ಕೋಣೆಯಲ್ಲಿ ನೆಂಟರೆಲ್ಲ “ಯಾರ್ ಹಾಕಿದ್ದು, ಯಾರ್ ಹಾಕಿದ್ದು” ಅಂದಾಗ ಗಂಗಲಕ್ಷ್ಮಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಇವ್ಳೇ ಕಣ್ರವ್ವ. ಮಗೀ ತಲೆ ಕೆಡಿಸಿದ್ದೂ ಇವ್ಳೇ, ಮನೆಬಾಗಿಲಿಗ್ ಬಂದು ತಪ್ಪಾಯ್ತು ಅಂದು ಉಳಿಸಿದ್ದೂ ಇವ್ಳೇ. ತಲೆ ಕೊಟ್ರೆ ಇಂಥೋಳ ಕೈಗ್ ಕೊಡಿ.”

ಆ ಒಂದು ಮಾತು ಊರೂರು ಸುತ್ತಿತು. ಸ್ಪಾ ಮತ್ತೆ ಶುರುವಾದ ದಿನ ಮೊದಲು ಬಂದದ್ದು ಗುಬ್ಬಿಯ ಟೀಚರು, ಜತೆಗೆ ಶಾಲೆಯ ಇನ್ನೂ ನಾಲ್ವರು. ಬಂದವರೆಲ್ಲ ಮೊದಲು ಪೈಪು ನೋಡಿ, ಆಮೇಲೆ ಮಲಗಿದರು. ಹದಿನೈದು ದಿನಕ್ಕೆ ಪುಸ್ತಕದಲ್ಲಿ ಹೆಸರು ಬರೆಯಲು ಜಾಗ ಸಾಲಲಿಲ್ಲ. ಕುಣಿಗಲ್‌ನಿಂದ ಸುಮನಾ ಫೋನ್ ಮಾಡಿ ಅಳುದನಿಯಲ್ಲಿ, “ಅಕ್ಕಾ, ನಂದೂ ಬಿಚ್ಚಿಸ್ದೆ. ನಿಮ್ಮದಕ್ಕಿಂತ ಕಡೆ. ಬಾಗಿಲಿಗೆ ನಾನೂ ಬೋರ್ಡು ಹಾಕಿದೀನಿ. ಏಜಾಜ್ ಸಾಹೇಬ್ರನ್ನ ಕಳಿಸ್ತೀರಾ?” ಅಂದಳು.

ಆಮೇಲೆ ಈ ಶುಚಿಯ ಪಾಠ ಕಲಿಯಲು ಗುಬ್ಬಿಯಲ್ಲಿ ಒಂದು ಮಧ್ಯಾಹ್ನ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆಯ ಪಾರ್ಲರ್ ಹೆಂಗಸರು ಸೇರಿದರು. ಮೂವತ್ತು ಜನಕ್ಕೆ ಕಡಿಮೆ ಇರಲಿಲ್ಲ. ಆಸ್ಮಾ ತೊಳೆಯುವ ಕ್ರಮ ಮಾಡಿ ತೋರಿಸಿದಳು. ಸರ್ವಮಂಗಳ ಎದ್ದು ತನ್ನ ಕಥೆಯನ್ನು ಮೊದಲಿಂದ ಹೇಳಿದಳು, ಸೆಕೆಗುಳ್ಳೆ ಅಂದ ಸುಳ್ಳನ್ನೂ ಬಿಡಲಿಲ್ಲ. ಸುದ್ದಿ ತಿಳಿದು ಕಿರಣ್‌ಕುಮಾರ್ ಕೂಡ ಬಂದಿದ್ದ, ಹೊಸ ಮಾಡೆಲ್ ಮಂಚವೊಂದನ್ನು ಗಾಡಿಯಲ್ಲಿ ಹಾಕಿಕೊಂಡು. ಬಣ್ಣ ಬಣ್ಣದ ಲೈಟು, ಹಾಡು, ಹಬೆ, ಎಲ್ಲ ಇತ್ತು. ಅವನು ಹೇಳಿ ಮುಗಿಸಿದ ಮೇಲೆ ಸುಮನಾ ಎದ್ದಳು. “ಲೈಟ್ ಆಮೇಲ್ ನೋಡ್ತೀವಿ. ಹಿಂದಗಡೆ ಹಲಗೆ ಬಿಚ್ಚಿ.”

“ಮೇಡಂ, ಅದು ಕಂಪನಿ ಸೀಲು...”

“ಹಂಗಾದ್ರೆ ನೀವೇ ಮಲಕ್ಕೊಳ್ಳಿ. ಎರಡು ದಿನ ನಿಂತ ನೀರನ್ನ ನಿಮ್ ತಲೆ ಮೇಲೇ ಬಿಡ್ತೀವಿ” ಅಂದಳು ಸರ್ವಮಂಗಳ.

ಮೂವತ್ತು ಹೆಂಗಸರು ಒಟ್ಟಿಗೆ ನಕ್ಕ ನಗುವಿಗೆ ಕಿಟಕಿಯ ಮೇಲಿದ್ದ ಪಾರಿವಾಳ ಹಾರಿದವು. ಕಿರಣ್‌ಕುಮಾರ್ ಕೆಂಪಗಾಗಿ ಮಂಚವನ್ನು ಗಾಡಿಗೆ ಏರಿಸಿದ. ಒಬ್ಬರೂ ಕೊಳ್ಳಲಿಲ್ಲ. ಎರಡು ತಿಂಗಳ ಮೇಲೆ ಅವನೇ ಫೋನ್ ಮಾಡಿದ: “ನೀರು ಸುತ್ತೋ ಮಂಚ ತರೋದು ನಿಲ್ಲಿಸಿದೀನಿ ಮೇಡಂ. ನೇರ ಮೋರಿಗೆ ಹೋಗೋದು, ಅರ್ಥಿಂಗ್ ಇರೋದು, ಕೈಯಲ್ಲೇ ಬಿಚ್ಚೋದು ತಂದಿದೀನಿ. ಬಂದು ನೋಡಿ. ಹಲಗೆ ಬಿಚ್ಚೇ ಇಟ್ಟಿದೀನಿ.” ಸರ್ವಮಂಗಳ ಆಸ್ಮಾಳ ಭುಜ ಹಿಡಿದು ಅಲ್ಲಾಡಿಸಿದಳು. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹೆಡ್ ಸ್ಪಾ ಕೆಟ್ಟದ್ದಲ್ಲ. ದುಡಿದು ದಣಿದ ತಲೆಗೆ ಒಂದು ಗಂಟೆ ಸುಖ ಬೇಕು, ಹೋಗಿ. ಆದರೆ ಹೊಳೆಯುವ ನೆಲ, ಪರಿಮಳದ ಗಾಳಿ ನೋಡಿ ನಂಬಿಬಿಡಬೇಡಿ. ನೀರು ಹೊಸದೋ, ಸುತ್ತಿ ಬರುವುದೋ ಕೇಳಿ. ಬಾಚಣಿಗೆ, ದಿಂಬು, ಕ್ಯಾಮೆರಾ ನಿಮ್ಮ ಕಣ್ಣೆದುರೇ ಒರೆಸಲಿ. ಮಂಚ ಮುಟ್ಟಿದರೆ ಜುಮ್ ಅಂದರೂ, ನೀರು ಸುಡು ಅನ್ನಿಸಿದರೂ, ಕುತ್ತಿಗೆ ನೋವಾದರೂ ಕೂಡಲೇ ಎದ್ದುಬಿಡಿ. ಆಮೇಲೆ ಗುಳ್ಳೆ ಬಂದರೆ ನಿವಾಳಿಸುತ್ತ, ಲೇಪ ಮೆತ್ತುತ್ತ ಕೂರದೆ ಡಾಕ್ಟರಿಗೆ ತೋರಿಸಿ, ಪಾರ್ಲರ್‌ನವರಿಗೂ ತಿಳಿಸಿ. ಪಾರ್ಲರ್ ನಡೆಸುವ ತಾಯಂದಿರೇ, ಗಿರಾಕಿ ಕೇಳಿದರೆ ಕೋಪ ಮಾಡಿಕೊಳ್ಳಬೇಡಿ, ಕೇಳುವ ಮುಂಚೆಯೇ ತೋರಿಸಿ. ಅಗ್ಗಕ್ಕೆ ಸಿಕ್ಕಿತು ಅಂತ ಒಳಗೇನಿದೆ ಗೊತ್ತಿಲ್ಲದ ಯಂತ್ರ ಕೊಳ್ಳಬೇಡಿ. ತಪ್ಪಾದರೆ ಒಪ್ಪಿಕೊಳ್ಳಿ, ಹೆಸರು ಅದರಿಂದ ಹೋಗುವುದಿಲ್ಲ.

ಕೇಳುವುದಕ್ಕೆ ನಾಚಿಕೆ ಬೇಡ, ತೋರಿಸುವುದಕ್ಕೆ ಅಂಜಿಕೆ ಬೇಡ. ಕಣ್ಣು ತೆರೆದು ಎಲ್ಲ ನೋಡಿ, ಆಮೇಲೆ ನೆಮ್ಮದಿಯಾಗಿ ಕಣ್ಣು ಮುಚ್ಚಿ ಮಲಗಿ.